ಲಂಡನ್ನಿನ ಬೀದಿಯಲ್ಲಿ ಕಾಫಿಯ ಗಾಡಿ

(ಗಿರಣಿ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು)



ತಳ್ಳುಗಾಡಿಗಳನ್ನು ಪೇಟೆಯ ರಸ್ತೆಯಿಂದ ಎಬ್ಬಿಸಬೇಕೆನ್ನುವವರು ಯಾವ ಊರಿನಲ್ಲಿಯೂ ಒಂದೇ ಮಾತು ಹೇಳುತ್ತಾರೆ. ಪಟ್ಟಣ ಚೊಕ್ಕಟವಾಗಬೇಕು, ಲಂಡನ್ನಿನ ಹಾಗೆ ಆಗಬೇಕು, ಗಾಡಿಗಳಿದ್ದರೆ ಊರಿನ ಮುಖಕ್ಕೆ ಮಸಿ! ಈ ಮಾತನ್ನು ಎಷ್ಟು ಸಲ ಕೇಳಿದ್ದೇವೆಂದರೆ, ಲಂಡನ್ನಿನಲ್ಲಿ ಗಾಡಿ ಇಟ್ಟು ಹೊಟ್ಟೆ ಹೊರೆಯುವವರೇ ಇಲ್ಲವೆಂದು ನಮ್ಮವರಲ್ಲಿಯೇ ಅನೇಕರು ನಂಬಿಬಿಟ್ಟಿದ್ದಾರೆ. ಆದುದರಿಂದ ಈ ಸಂಜೆ ಲಂಡನ್ನಿನ ಬೀದಿಗೇ ಹೋಗಿ ಬರೋಣ. ನಾವು ಆ ಊರನ್ನು ಕಣ್ಣಾರೆ ಕಂಡವರಲ್ಲ. ಓದಿ, ಚಿತ್ರ ನೋಡಿ, ತಿಳಿದವರನ್ನು ಕೇಳಿ ಗೊತ್ತುಮಾಡಿಕೊಂಡದ್ದನ್ನು ಹೇಳುತ್ತೇವೆ. ಟಿಕೀಟಿನ ಖರ್ಚಿಲ್ಲ.

ಬೆಳಗಿನ ಹೊತ್ತು ಲಂಡನ್ನಿನ ಸಣ್ಣ ರೈಲು ನಿಲ್ದಾಣಗಳ ಮುಂದೆ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ, ಶನಿವಾರದ ಸಂತೆಗಳಲ್ಲಿ ಕಾಫಿಯ ಗಾಡಿಗಳು ನಿಂತಿರುತ್ತವೆ. ಅವುಗಳಲ್ಲಿ ಹಲವು ಐವತ್ತು ಅರವತ್ತು ವರ್ಷದ ಹಳೆಯ ವಾಹನಗಳು. ಹಿಂದೆ ಹುಡುಗರು ರೈಲು ಎಂಜಿನ್ನಿನ ನಂಬರು ಬರೆದುಕೊಳ್ಳುತ್ತ ನಿಲ್ಲುತ್ತಿದ್ದಂತೆ, ಇವುಗಳನ್ನು ಗುರುತು ಹಿಡಿದು ಚಿತ್ರ ತೆಗೆದುಕೊಳ್ಳುವ ಹವ್ಯಾಸದವರೂ ಅಲ್ಲಿದ್ದಾರೆ. ಪಾಠ ಹೇಳಿದ ಚಾಳಿ ನಮಗೆ ಇನ್ನೂ ಬಿಟ್ಟಿಲ್ಲ. ಗುರುತು ಹಿಡಿಯುವುದು ಹೇಗೆಂಬುದನ್ನೂ ಹೇಳಿಬಿಡುತ್ತೇವೆ.

ಮೊದಲನೆಯದನ್ನು ಗುರುತಿಸಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮೂರು ಗಾಲಿ, ಮುಂದೆ ಒಬ್ಬ ಕೂರುವಷ್ಟು ಗೂಡು, ಹಿಂದೆ ಸಾಮಾನಿನ ಪೆಟ್ಟಿಗೆ. ನಮ್ಮ ಬಡಗಣ ಜಿಲ್ಲೆಗಳಲ್ಲಿ ಇಂಥದನ್ನು ಟಂಟಂ ಎನ್ನುತ್ತಾರೆ. ಇಟಲಿಯ ಪಿಯಾಜಿಯೊ ಕಂಪನಿಯದು, ಹೆಸರು ಆಪೆ. ಇಟಲಿಯ ಭಾಷೆಯಲ್ಲಿ ಜೇನುಹುಳ ಎಂದರ್ಥ. ಅದೇ ಕಂಪನಿ 1946ರಲ್ಲಿ ಹೊರತಂದ ಸ್ಕೂಟರಿನ ಹೆಸರು ವೆಸ್ಪಾ, ಎಂದರೆ ಕಣಜ. ಯುದ್ಧದಲ್ಲಿ ಇಟಲಿ ನುಚ್ಚುನೂರಾಗಿತ್ತು. ವ್ಯಾಪಾರಿಗಳ ಕೈಯಲ್ಲಿ ಲಾರಿ ಕೊಳ್ಳುವ ಹಣವಿರಲಿಲ್ಲ. ವಿಮಾನಗಳ ಕೆಲಸ ಮಾಡುತ್ತಿದ್ದ ಕೊರ‍್ರಾದಿನೊ ದಾಸ್ಕಾನಿಯೊ ಎಂಬ ಎಂಜಿನಿಯರು ಆ ಸ್ಕೂಟರಿಗೇ ಹಿಂದೆ ಎರಡು ಗಾಲಿ, ಒಂದು ಹಲಗೆಯ ತೊಟ್ಟಿ ಸೇರಿಸಿ 1948ರಲ್ಲಿ ಈ ಗಾಡಿಯನ್ನು ಕೊಟ್ಟರು. 125 ಸಿ.ಸಿ. ಎಂಜಿನ್ನು, 200 ಕಿಲೊ ಹೊರೆ. ಮೊದಲ ಗಾಡಿಗಳಲ್ಲಿ ಓಡಿಸುವವನ ತಲೆಯ ಮೇಲೆ ಸೂರು ಕೂಡ ಇರಲಿಲ್ಲ. ತರಕಾರಿಯವನು, ಹಾಲಿನವನು, ಕಲ್ಲಿದ್ದಲು ಮಾರುವವನು, ಇವರ ಗಾಡಿ ಅದು. ಈಗ ಅದೇ ಲಂಡನ್ನಿನಲ್ಲಿ ತಿಳಿಹಸಿರು ಬಣ್ಣ ಬಳಿದುಕೊಂಡು, ಪಕ್ಕದಲ್ಲಿ ಹಲಗೆ ಎತ್ತಿಕೊಂಡು, ನಮ್ಮ ಹಣದ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಮೇಲೆ ಬೀಳುವ ಒಂದು ಲೋಟ ಕಾಫಿ ಕೊಡುತ್ತದೆ. ನಮ್ಮ ಸಂತೆಯಲ್ಲಿ ಈರುಳ್ಳಿ ಹೊರುವ ಗಾಡಿ ಅಲ್ಲಿ ಶೋಕಿಯ ವಸ್ತು. ನಮಗೆ ಇದರಲ್ಲಿ ಹೊಟ್ಟೆಕಿಚ್ಚಿಲ್ಲ. ಅದೇ ಗಾಡಿ ಒಂದೂರಿನಲ್ಲಿ ಅಂದವೂ ಇನ್ನೊಂದೂರಿನಲ್ಲಿ ಕೊಳಕೂ ಆಗುವುದು ಹೇಗೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನೊಂದು ಸಂಗತಿ. 2024ರ ಕೊನೆಗೆ ಇಟಲಿಯ ಪೊಂತೆದೆರಾ ಕಾರ್ಖಾನೆಯಲ್ಲಿ ಆಪೆಯ ತಯಾರಿ ನಿಂತುಹೋಯಿತು. ಹೊಗೆ ಮತ್ತು ಸುರಕ್ಷತೆಯ ಹೊಸ ಕಟ್ಟಳೆಗಳಿಗೆ ಆ ಪುಟ್ಟ ಗಾಡಿ ಒಗ್ಗಲಿಲ್ಲವೆಂಬುದು ಕಾರಣ. ನಮ್ಮ ಮಹಾರಾಷ್ಟ್ರದ ಬಾರಾಮತಿಯಲ್ಲಿ ಆಪೆ ಗಾಡಿಗಳ ತಯಾರಿ ಮುಂದುವರಿದಿದೆ.

ಎರಡನೆಯದು ಫ್ರಾನ್ಸಿನ ಸಿಟ್ರೊಯೆನ್ ಎಚ್ ವ್ಯಾನು. ಗೋದಾಮಿನ ಮೇಲೆ ಹೊದಿಸುವ ಏರಿಳಿತದ ತಗಡು ನೆನೆಸಿಕೊಳ್ಳಿ; ಅದನ್ನೇ ಮಡಿಸಿ ವ್ಯಾನು ಮಾಡಿದಂತಿರುತ್ತದೆ, ಮುಂದೆ ಹಂದಿಯ ಮೂತಿ. ತಗಡಿಗೆ ಏರಿಳಿತ ಕೊಟ್ಟದ್ದು ಅಂದಕ್ಕಲ್ಲ. ತೆಳ್ಳಗಿನ ತಗಡೂ ಗಟ್ಟಿಯಾಗಿ ನಿಲ್ಲಲಿ ಎಂದು. 1947ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು 1981ರ ತನಕ ತಯಾರಾಯಿತು. ಎಂಜಿನ್ನು ಎಳೆಯುವುದು ಮುಂದಿನ ಗಾಲಿಗಳನ್ನು. ಹಿಂದಕ್ಕೆ ಹೋಗುವ ಕಬ್ಬಿಣದ ದಂಡವಿಲ್ಲ. ಆದ್ದರಿಂದ ನೆಲ ತಗ್ಗು, ಸೂರು ಎತ್ತರ, ಆಳು ನೆಟ್ಟಗೆ ನಿಂತು ದುಡಿಯಬಹುದು. ಕಸಾಯಿಯವರೂ ಮಂಡಿಯವರೂ ಇದನ್ನು ಮೆಚ್ಚಿದ್ದು ಈ ಗುಣಕ್ಕೆ, ಕಾಫಿಯವರು ಮೆಚ್ಚುವುದೂ ಇದೇ ಗುಣಕ್ಕೆ. ಇಲ್ಲೊಂದು ತಮಾಷೆಯಿದೆ. ಫ್ರಾನ್ಸಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಹಾಗಾಗಿ ಇದರ ಪಕ್ಕದ ಬಾಗಿಲು ಬಲಗಡೆ. ಲಂಡನ್ನಿನಲ್ಲಿ ನಮ್ಮ ಹಾಗೆ ಎಡಕ್ಕೆ. ಗಿರಾಕಿ ನಿಲ್ಲುವ ಕಾಲುದಾರಿಗೆ ಬಾಗಿಲಿಲ್ಲ! ತಗಡು ಕೊಯ್ದು ಎಡಗಡೆ ಹೊಸ ಕಿಂಡಿ ತೆಗೆದಿದ್ದರೆ ಅದೊಂದು ಗುರುತು. ನಕಲುಗಳೂ ಬಂದಿವೆ. ಮುಂದೆ ಎಂಜಿನ್ನಿಲ್ಲದೆ ಎಳೆಯುವ ಕೊಕ್ಕೆ ಮಾತ್ರ ಇದ್ದರೆ, ಅದು ಹಳೆಯ ವ್ಯಾನಲ್ಲ, ಹಳೆಯದರ ವೇಷ.

ಬಾರುಗಳ ಮಾತು ಬೇರೆ. ಗಾಲಿಯ ಮೇಲಿನ ಬಾರು ಎಂದಾಗ ನಮ್ಮ ಗಿರಣಿಯ ಅಕ್ಕಂದಿರು ಹುಬ್ಬು ಗಂಟಿಕ್ಕುವುದು ನಮಗೆ ಇಲ್ಲಿಂದಲೇ ಕಾಣುತ್ತಿದೆ. ಪಗಾರದ ದಿನ ಗಿರಣಿಯ ಬಾಗಿಲಿಗೇ ಬಂದು ನಿಲ್ಲುವ ಗಾಡಿಯಲ್ಲ ಅದು, ಭಯ ಬೇಡ. ಕುದುರೆ ಸಾಗಿಸುವ ಹಳೆಯ ಟ್ರೇಲರುಗಳನ್ನು ತೊಳೆದು, ಮರದ ಹಲಗೆ ಕೂರಿಸಿ, ಸಿರಿವಂತರ ಮದುವೆಗೆ ಬಾಡಿಗೆಗೆ ಕಳಿಸುತ್ತಾರೆ. ಅಲ್ಲಿನ 2003ರ ಲೈಸೆನ್ಸ್ ಕಾಯಿದೆಯ ಪ್ರಕಾರ ಒಂದು ಸಮಾರಂಭದಲ್ಲಿ ಮದ್ಯ ಮಾರಬೇಕಾದರೆ ಮುಂಚಿತವಾಗಿ ನೋಟೀಸು ಕೊಡಬೇಕು. 499ಕ್ಕಿಂತ ಹೆಚ್ಚು ಜನ ಸೇರಕೂಡದು. ಕಾಫಿಗೂ ಕಟ್ಟಳೆಯಿದೆ: ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ಕಾಫಿ, ಚಹ ಮಾರಲು ಪ್ರತ್ಯೇಕ ಪರವಾನಗಿ. ಅದಲ್ಲದೆ ಆಯಾ ಭಾಗದ ಸ್ಥಳೀಯ ಸಭೆಯಿಂದ ಬೀದಿ ವ್ಯಾಪಾರದ ಪರವಾನಗಿ ಬೇರೆ. ಮದ್ಯವೂ ಕಾಫಿಯೂ ಈಗ ಅಕ್ಕಪಕ್ಕದಲ್ಲಿಯೇ ನಿಂತಿವೆ. ನೂರೈವತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಕೂಲಿಕಾರನನ್ನು ಹೆಂಡದಂಗಡಿಯಿಂದ ಬಿಡಿಸಲು ಹೊರಟ ಪಾನನಿರೋಧದವರು ಕಾಫಿಯನ್ನೇ ಆಯುಧ ಮಾಡಿಕೊಂಡಿದ್ದರು.

ಗಾಡಿಯೊಳಗಿನ ಯಂತ್ರವನ್ನೂ ನೋಡಬೇಕು. ಉದ್ದನೆಯ ಹಿಡಿಕೆಯನ್ನು ಕೆಳಗೆಳೆದು ಬಿಡುವ ಯಂತ್ರವಿದ್ದರೆ ಅದು ಮಿಲಾನಿನ ಅಕಿಲೆ ಗಾಜಿಯಾ ರೂಢಿಗೆ ತಂದ ಬಗೆ. ಬಿಸಿನೀರನ್ನು ಪುಡಿಯ ಮೂಲಕ ತಳ್ಳುವುದು ಒಳಗಿನ ಸ್ಪ್ರಿಂಗು, ಪಂಪು ಬೇಡ. ನೀರು ಕಾಯಿಸಲು ಗ್ಯಾಸು ಸಾಕು. ಕರೆಂಟಿಲ್ಲದ ಬೀದಿಯಲ್ಲಿ ಇದೇ ಅನುಕೂಲ. ಆ ಪುಡಿಯಲ್ಲಿ ನಮ್ಮ ಪಾಲೂ ಉಂಟು. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಬೆಳೆಯ ಹೆಚ್ಚಿನ ಭಾಗ ಪರದೇಶಕ್ಕೆ ಹೋಗುತ್ತದೆ, ಇಟಲಿ ನಮ್ಮ ದೊಡ್ಡ ಗಿರಾಕಿ. ಚಿಕ್ಕಮಗಳೂರಿನ ತೋಟದಲ್ಲಿ ಹಣ್ಣು ಬಿಡಿಸಿದವಳ ದಿನಗೂಲಿಗೆ ಆ ಗಾಡಿಯಲ್ಲಿ ಎಷ್ಟು ಲೋಟ ಬಂದೀತೆಂದು ನೀವೇ ಲೆಕ್ಕ ಹಾಕಿ.

ಈಗ ಹಿಂದಕ್ಕೆ ಹೋಗೋಣ. ನಮಗೆ ಹೇಳಬೇಕಾಗಿದ್ದುದು ಮುಖ್ಯವಾಗಿ ಇದು.

1851ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಲಂಡನ್ನಿನ ಬಡವರ ಬಗ್ಗೆ ದೊಡ್ಡ ಪುಸ್ತಕ ಬರೆದ. ಕಚೇರಿಯಲ್ಲಿ ಕೂತು ಬರೆದದ್ದಲ್ಲ. ಬೀದಿಯಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳಿ ಬರೆದದ್ದು. ಕಾಫಿ ಗಾಡಿಗಳು ಆಗ ಕಡಿಮೆಯೆಂದರೂ 300 ಇದ್ದವೆಂದು ಅವನ ಲೆಕ್ಕ. 1842ರಲ್ಲಿ ಕಾಫಿಯ ಮೇಲಿನ ಸುಂಕ ಇಳಿಯಿತು, ಅದರಿಂದ ಗಾಡಿಗಳು ಹೆಚ್ಚಿದವು. ತವರದ ದೊಡ್ಡ ಪಾತ್ರೆಗಳು, ಕೆಳಗೆ ಇದ್ದಿಲ ಒಲೆ, ಜೊತೆಗೆ ಬೆಣ್ಣೆ ಹಚ್ಚಿದ ರೊಟ್ಟಿ. ಒಂದು ಲೋಟಕ್ಕೆ ಒಂದು ಪೆನ್ನಿ, ಅರ್ಧ ಲೋಟಕ್ಕೆ ಅರ್ಧ ಪೆನ್ನಿ. ಅರ್ಧ ಲೋಟ ನಮ್ಮ ಕಟ್ಟಿಂಗ್ ಚಹದ ಹಾಗೆ, ಅಲ್ಲವೆ? ಆಕ್ಸ್‌ಫರ್ಡ್ ಬೀದಿಯ ಮೂಲೆಯೊಂದರಲ್ಲಿದ್ದ ಎಲ್ಲಕ್ಕಿಂತ ಚೆಲುವಾದ ಗಾಡಿಗೆ ನಾಲ್ಕು ಗಾಲಿ, ಹಚ್ಚ ಹಸಿರು ಬಣ್ಣ, ಮೂರು ಎಣ್ಣೆದೀಪ. ಇಂದಿನ ಗಾಡಿಯವರು ಹೊಸದೇನನ್ನೂ ಕಂಡುಹಿಡಿದಿಲ್ಲ! ಕಲಬೆರಕೆಯೂ ಆಗಲೇ ಇತ್ತು. ಕಾಫಿಗೆ ಚಿಕೋರಿ, ಚಿಕೋರಿಗೆ ಹುರಿದ ಗಜ್ಜರಿ. ಗಾಡಿಗೆ ಬರುತ್ತಿದ್ದವರು ಯಾರು? ನಸುಕಿನಲ್ಲಿ ಕೆಲಸಕ್ಕೆ ಹೋಗುವ ಕೂಲಿಗಳು, ಮತ್ತು ರಾತ್ರಿಯಿಡೀ ಹೋಗಲು ಮನೆಯಿಲ್ಲದವರು. ಮೊದಲ ಪಾಳಿಗೆ ಹೋಗುವ ನಿಮಗೆ ಆ ಬಿಸಿ ಲೋಟದ ಬೆಲೆ ಹೇಳಿಕೊಡಬೇಕಾಗಿಲ್ಲ.

1867ರಲ್ಲಿ ಪಾರ್ಲಿಮೆಂಟು ಲಂಡನ್ನಿನ ಬೀದಿಗಳಿಗೆಂದು ಒಂದು ಕಾಯಿದೆ ಮಾಡಿತು. ಸಂಚಾರಕ್ಕೆ ಅಡ್ಡಿಯೆಂಬ ಕಾರಣ. ನಾವು ಇಂದು ಕೇಳುವ ಕಾರಣವೇ. ಅದರಂತೆ ಕೈಗಾಡಿಯಲ್ಲಿ ಹಣ್ಣು, ತರಕಾರಿ, ಮೀನು ಮಾರುವವರು ಬೀದಿಯಲ್ಲಿ ಗಾಡಿ ನಿಲ್ಲಿಸುವಂತೆಯೇ ಇರಲಿಲ್ಲ. ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆ. ಅವರು ಸಭೆ ಸೇರಿದರು, ಮನವಿ ಕೊಟ್ಟರು. ಅದೇ ವರ್ಷ ಪಾರ್ಲಿಮೆಂಟು ತಿದ್ದುಪಡಿ ತಂದು, ಪೊಲೀಸರ ನಿಯಮಗಳಿಗೆ ಒಳಪಟ್ಟು ಗಾಡಿಯವರು ವ್ಯಾಪಾರ ಮಾಡಬಹುದೆಂದು ಒಪ್ಪಿಕೊಳ್ಳಬೇಕಾಯಿತು. ಆ ಗಾಡಿಯವರಲ್ಲಿ ಓದುಬರಹ ಬಲ್ಲವರು ಬಹಳ ಕಡಿಮೆಯಿದ್ದರು ಎಂಬುದನ್ನು ಗಮನಿಸಿ.

ಕುದುರೆಗಾಡಿಯವರ ಕಥೆ ಇನ್ನೊಂದು. ಮಳೆ ಚಳಿಯಲ್ಲಿ ಬಾಡಿಗೆಗೆ ಕಾಯುವವರು ಕೂರಲು ಜಾಗವಿಲ್ಲದೆ ಹೆಂಡದಂಗಡಿ ಸೇರುತ್ತಿದ್ದರು. 1875ರಲ್ಲಿ ಅವರಿಗಾಗಿ ಒಂದು ನಿಧಿ ಏರ್ಪಟ್ಟು, 1914ರೊಳಗೆ 61 ಹಸಿರು ಮರದ ಗೂಡುಗಳು ಎದ್ದವು. ಸಾರ್ವಜನಿಕ ರಸ್ತೆಯ ಮೇಲೆ ಇರುವುದರಿಂದ ಕುದುರೆ ಮತ್ತು ಗಾಡಿ ಸೇರಿ ಎಷ್ಟು ಜಾಗ ಹಿಡಿಯುತ್ತದೆಯೋ ಅದಕ್ಕಿಂತ ದೊಡ್ಡದು ಕಟ್ಟಕೂಡದೆಂಬುದು ಕಟ್ಟಳೆ. ಒಳಗೆ ಅಡಿಗೆ, ಚಹ, ಕಾಫಿ. ಕುಡಿತ, ಜೂಜು, ಬೈಗುಳ ನಿಷಿದ್ಧ. ಇಂದು 13 ಉಳಿದಿವೆ. ರಸೆಲ್ ಚೌಕದಲ್ಲೊಂದು, ವಾರ್ವಿಕ್ ಅವೆನ್ಯೂದಲ್ಲೊಂದು. ಒಳಗೆ ಕೂರುವ ಹಕ್ಕು ಇಂದಿಗೂ ಟ್ಯಾಕ್ಸಿಯವರದೇ. ಉಳಿದವರು ಎಷ್ಟೇ ದೊಡ್ಡವರಾಗಲಿ, ಕಿಂಡಿಯ ಹೊರಗೆ ನಿಂತು ಕೊಳ್ಳಬೇಕು. ಈ ಒಂದು ಏರ್ಪಾಡು ನಮಗೆ ಬಹಳ ಹಿಡಿಸಿತು.

ಶೋರ್‌ಡಿಚ್ ಎಂಬ ಭಾಗವಿದೆ, ಹಿಂದೆ ಮರಗೆಲಸದ ಕಾರ್ಖಾನೆಗಳ ಕೇರಿ. ಮೊದಲ ಮಹಾಯುದ್ಧದಲ್ಲಿ ವಿಷದ ಹೊಗೆಗೆ ಸಿಕ್ಕಿ ಬಂದ ಸಿಡ್ನಿ ಟೊಟ್‌ಹಿಲ್ ಎಂಬ ಸಿಪಾಯಿ 1919ರಲ್ಲಿ ತನ್ನ ಪಿಂಚಣಿಯ ಹಣ ಹಾಕಿ ಅಲ್ಲಿ ಮಹಾಗನಿ ಮರದ ಒಂದು ಕಾಫಿ ಗಾಡಿ ಇಟ್ಟ. ಅದಕ್ಕೆ ಬೀದಿ ದೀಪದ ಕಂಬದಿಂದ ಕರೆಂಟು. ಎರಡನೆಯ ಯುದ್ಧದಲ್ಲಿ ಊರಿನ ಮೇಲೆ ಬಾಂಬು ಸುರಿಯುವಾಗಲೂ ಅವನ ಹೆಂಡತಿ ಗಾಡಿ ನಡೆಸಿದಳು. ಬೆಂಕಿ ಆರಿಸುವವರಿಗೆ, ಆಂಬುಲೆನ್ಸಿನವರಿಗೆ ಚಹ ಬೇಕಲ್ಲ. ಮಗ, ಆಮೇಲೆ ಮೊಮ್ಮಗಳು, ಹೀಗೆ ನೂರು ವರ್ಷ. ಅಷ್ಟರಲ್ಲಿ ಕೇರಿಯೇ ಬದಲಾಗಿತ್ತು. ಕಾರ್ಖಾನೆಗಳು ಹೋದವು, ಬಾಡಿಗೆ ಏರಿತು, ಸುತ್ತ ಶೋಕಿಯ ಕಾಫಿ ಅಂಗಡಿಗಳು ಬಂದವು. 2019ರ ಡಿಸೆಂಬರಿನಲ್ಲಿ ಗಾಡಿ ಮುಚ್ಚಿತು. ಲಂಡನ್ನಿನ ವಸ್ತುಸಂಗ್ರಹಾಲಯದವರು ಅದನ್ನು ತೆಗೆದುಕೊಂಡು ಹೋದರು. ನೂರು ವರ್ಷ ಒಂದೇ ಜಾಗದಲ್ಲಿ ನಿಂತ ಗಾಡಿಯನ್ನು ಆ ಊರು ರಾಜರ ಕಿರೀಟದಂತೆ ಜೋಪಾನ ಮಾಡುತ್ತದೆ! ನಮ್ಮ ಊರುಗಳಲ್ಲಿ ಮೂವತ್ತು ವರ್ಷ ನಿಂತ ಗಾಡಿ ಪುರಸಭೆಯ ಟ್ರ್ಯಾಕ್ಟರು ಏರುತ್ತದೆ.

ಏರುವುದಕ್ಕೆ ಮುಂಚೆ ಕಾನೂನು ಏನು ಹೇಳುತ್ತದೆಂಬುದನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿಯೂ ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯಿದೆ ಆಯಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೆಯೂ ಎಬ್ಬಿಸಬೇಕಾದರೆ 30 ದಿನದ ನೋಟೀಸು. ವಶಪಡಿಸಿಕೊಂಡ ಸಾಮಾನಿಗೆ ಪಟ್ಟಿ ಕೊಡಬೇಕು. ಕೇಳಿಕೊಂಡು ಹೋದರೆ, ಕೆಡದ ಸಾಮಾನನ್ನು ಕೆಲಸದ ಎರಡು ದಿನದೊಳಗೆ, ಹಣ್ಣು ಹೂವಿನಂಥ ಕೆಡುವುದನ್ನು ಆ ದಿನವೇ ಹಿಂದಿರುಗಿಸಬೇಕು. ಜಾಗ ಗೊತ್ತುಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಿರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು.

ಪ್ರಮಾಣಪತ್ರ ಇದ್ದವರು ಮುಂದಿನ ಸಭೆಗೆ ಅದನ್ನು ತನ್ನಿ. ಇಲ್ಲದವರು ಸಮೀಕ್ಷೆಯಲ್ಲಿ ಹೆಸರು ಬರೆಸಿದ್ದರೆ ಅದರ ಚೀಟಿ ತನ್ನಿ. ಯಾವುದೂ ಇಲ್ಲದವರು, ಗಾಡಿ ಎಷ್ಟು ವರ್ಷದಿಂದ ಎಲ್ಲಿ ನಿಲ್ಲುತ್ತಿದೆಯೆಂಬುದನ್ನು ಒಂದು ಕಾಗದದಲ್ಲಿ ಬರೆದು ತನ್ನಿ. ಬರೆಯಲು ಬಾರದವರಿಗೆ ನಾವು ಈಗಲೇ ಇಲ್ಲಿ ಕೂತು ಬರೆದುಕೊಡುತ್ತೇವೆ.