ಹುಳಿ ಮಣ್ಣು, ಸವಳು ಮಣ್ಣು ಮತ್ತು ನಮ್ಮ ಗಾಯರಾಣ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಮಾಸ್ತರಿಕಿ ಮಾಡಿದವನಿಗೆ ಎರಡು ಮಾತು ಅಂದರೆ ಒಂದು ಪೀರಿಯಡ್ಡು ಎಂಬುದು ಅವರಿಗೆ ಗೊತ್ತಿದ್ದೂ ಕರೆದಿದ್ದಾರೆ. ಆದ್ದರಿಂದ ತಪ್ಪು ಅವರದೇ ಹೊರತು ನನ್ನದಲ್ಲ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶಕ್ಕೇ ಮೊದಲನೆಯ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಅಂದಿನಿಂದ ಇಂದಿನವರೆಗೆ ಹಳ್ಳಿಯ ಸಂಘ ರೈತನಿಗೆ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ, ಬೀಜ ಕೊಟ್ಟಿದೆ. ಆದರೆ ಆ ಗೊಬ್ಬರ ಬೀಳುವ ಮಣ್ಣು ಯಾವ ಜಾತಿಯದು ಎಂದು ನಾವು ಕೇಳಿದ್ದೇವೆಯೇ? ಇವತ್ತು ನಾನು ಮಣ್ಣಿನ ಬಗ್ಗೆಯೇ ಮಾತಾಡುತ್ತೇನೆ. ಮೊದಲು ನನ್ನದೇ ಒಂದು ಮೂರ್ಖತನವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಹಿಂದೊಮ್ಮೆ ತರಬೇತಿಗೆಂದು ಶಿವಮೊಗ್ಗ ಕಡೆ ಹೋಗಿದ್ದೆ. ಅಲ್ಲೊಬ್ಬ ರೈತರು ತೋಟಕ್ಕೆ ಸುಣ್ಣ ಹಾಕುತ್ತಿದ್ದರು. ಯಾಕೆ ಎಂದು ಕೇಳಿದೆ. "ನಮ್ಮ ಮಣ್ಣು ಹುಳಿ ಮಾರಾಯ್ರೇ, ಸುಣ್ಣ ಹಾಕದಿದ್ದರೆ ಗೊಬ್ಬರ ಹಾಕಿದ್ದೂ ದಂಡ" ಅಂದರು. ಸುಣ್ಣ ಹಾಕಿದ ಮೇಲೆ ಫಸಲು ಚೆನ್ನಾಗಿ ಬಂದದ್ದನ್ನು ಕಣ್ಣಾರೆ ತೋರಿಸಿದರು. ನನಗೂ ಆಸೆ ಹುಟ್ಟಿತು. ಊರಿಗೆ ಬಂದವನೇ ನಮ್ಮ ಎರಿ ಹೊಲದ ಒಂದು ಎಕರೆಗೆ ಎರಡು ಬಂಡಿ ಸುಣ್ಣ ಹೊಡೆಸಿದೆ. ನಮ್ಮ ಹಿರಿಯ ಕಾಕಾ ಬದುವಿನ ಮೇಲೆ ನಿಂತು, "ಯಪ್ಪಾ, ಮನಿಗೆ ಹಚ್ಚೋ ಸುಣ್ಣ ಹೊಲಕ್ಕ ಯಾಕ ಹಚ್ಚಾಕತ್ತೀ?" ಅಂದರು. ನಾನು ಓದಿದವನು, ಅವರ ಮಾತು ಎಲ್ಲಿ ಕೇಳಲಿ! ಆ ವರ್ಷ ಕಡ್ಲಿ ಗಿಡ ಅರಿಷಿಣ ಬಳಿದಂಗ ಹಳದಿ ಆಗಿ ನಿಂತಿತು. ಪಕ್ಕದ ಸುಣ್ಣ ಹಾಕದ ಹೊಲ ಹಸಿರಾಗಿತ್ತು. ಆ ಸುಣ್ಣದ ದುಡ್ಡು ಸಂಘದ ಸಾಲದ ದುಡ್ಡು ಎಂಬುದನ್ನೂ ಈ ಸಭೆಯಲ್ಲೇ ಹೇಳಿಬಿಡುತ್ತೇನೆ. ತೀರಿಸಿದ್ದೇನೆ, ಕಾರ್ಯದರ್ಶಿಗಳು ಗಾಬರಿಯಾಗಬಾರದು.

ಹಾಗಾದರೆ ಅಲ್ಲಿ ಅಮೃತವಾದ ಸುಣ್ಣ ಇಲ್ಲಿ ವಿಷ ಹೇಗಾಯಿತು?

ಮಣ್ಣಿನ ಹುಳಿಯನ್ನು ಅಳೆಯಲು ಪಿ.ಎಚ್. ಎಂಬ ಅಳತೆ ಇದೆ. 7 ಇದ್ದರೆ ಸಮ, ಅದಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ. ಮಣ್ಣು ಹುಳಿಯಾಗಲು ಮುಖ್ಯ ಕಾರಣ ಮಳೆ. ಮಲೆನಾಡು, ಕರಾವಳಿಗಳಲ್ಲಿ ವರ್ಷಕ್ಕೆ 2000, 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಷ್ಟು ನೀರು ಮಣ್ಣಿನೊಳಗಿಂದ ಇಳಿದು ಹೋಗುವಾಗ ಸುಣ್ಣದ ಅಂಶವನ್ನೆಲ್ಲ ತೊಳೆದು ಹೊಳೆಗೆ ಒಯ್ಯುತ್ತದೆ. ಉಳಿಯುವುದು ಹುಳಿ. ಕೆಲವು ಕಡೆ ಕಲ್ಲಿನ ಗುಣವೂ ಸೇರುತ್ತದೆ. ಶೇಲ್ ಎಂಬ ಒಂದು ಕಲ್ಲಿದೆ. ಕೆಸರು, ಜೇಡಿ ಪದರು ಪದರಾಗಿ ಒತ್ತಿ ಆದದ್ದು, ಉಗುರಿನಿಂದ ಬಿಡಿಸಿದರೂ ಬರುತ್ತದೆ. ಅದು ಕರಗಿದರೆ ಅಂಟು ಜೇಡಿಮಣ್ಣು ಆಗುತ್ತದೆ. ಆ ಕಲ್ಲಿನಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ ಇದ್ದರೆ, ಗಾಳಿ-ನೀರು ತಾಗಿದಾಗ ಗಂಧಕಾಮ್ಲ ಹುಟ್ಟಿ ಮಣ್ಣು ಇನ್ನೂ ಹುಳಿಯಾಗುತ್ತದೆ. ಬಹಳ ಹುಳಿಯಾದ ಜೇಡಿಯಲ್ಲಿ ಅಲ್ಯೂಮಿನಿಯಂ ಕರಗಿ ಬೇರನ್ನು ಸುಡುತ್ತದೆ. ರಂಜಕದ ಗೊಬ್ಬರ ಹಾಕಿದರೆ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದು ಕೂರುತ್ತವೆ. ಅಂಥ ಮಣ್ಣಿಗೆ ಸುಣ್ಣವೇ ಔಷಧಿ. ಆ ಶಿವಮೊಗ್ಗದ ರೈತರು ಹೇಳಿದ್ದು ಅವರ ನೆಲಕ್ಕೆ ನೂರಕ್ಕೆ ನೂರು ಸತ್ಯ.

ಈಗ ನಮ್ಮ ಕಡೆ ಬನ್ನಿ. ಶೇಲ್ ಕಲ್ಲು ನಮಗೆ ಹತ್ತಿರದಲ್ಲಿ ಸಿಗುವುದು ಭೀಮಾ ನದಿ ಸೀಮೆಯಲ್ಲಿ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ. ಅಲ್ಲಿಯೂ ಅದರ ಸಂಗಡ ಶಹಾಬಾದ್ ಪರಸಿಯಂಥ ಸುಣ್ಣಕಲ್ಲು ಇರುವುದರಿಂದ ಮಣ್ಣು ಹುಳಿಯಾಗುವುದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗದ ನೆಲದ ಕೆಳಗಿರುವುದು ಬಹುಮಟ್ಟಿಗೆ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ರಾಯಚೂರು ಕೋಟೆಯ ಬೆಟ್ಟವನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಮಳೆಯೋ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಇಷ್ಟು ಮಳೆಗೆ ಮಣ್ಣಿನ ಸುಣ್ಣ ತೊಳೆದು ಹೋಗುವುದಿಲ್ಲ, ಒಳಗೇ ಹರಳುಗಟ್ಟಿ ಕೂರುತ್ತದೆ. ಎರಿ ಹೊಲದಲ್ಲಿ ಬಾವಿ ತೋಡುವಾಗ ಸಿಗುವ ಬಿಳಿ ಸುಣ್ಣದ ಹರಳು ಇದೇ. ಮನೆಗೆ ಹೋಗಿ ಆ ಹರಳನ್ನು ಕುಟ್ಟಿ ಪುಡಿ ಮಾಡಿ ನಿಂಬೆಹಣ್ಣು ಹಿಂಡಿ ನೋಡಿರಿ, ಸಣ್ಣಗೆ ನೊರೆ ಏಳುತ್ತದೆ. ದೇವರು ಮೊದಲೇ ಸುಣ್ಣ ಹಾಕಿಟ್ಟ ಹೊಲಕ್ಕೆ ನಾನು ಎರಡು ಬಂಡಿ ಮತ್ತೆ ಹಾಕಿದ್ದೆ! ಕ್ಷಾರ ಹೆಚ್ಚಾದಾಗ ಕಬ್ಬಿಣ, ಸತುವು ಬೇರಿಗೆ ಸಿಗುವುದಿಲ್ಲ. ಕಡ್ಲಿ ಹಳದಿಯಾದದ್ದು ಅದಕ್ಕೇ.

ನಮ್ಮ ಎರಿ ಮಣ್ಣಿನ ಪಿ.ಎಚ್. ಸಾಮಾನ್ಯವಾಗಿ 8ರ ಮೇಲೆಯೇ. ಮಸಾರಿ ಹೊಲ 7ರ ಆಸುಪಾಸು. ಎರಿಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಮೇಲಿನ ಮಣ್ಣು ಒಳಗೆ ಬೀಳುತ್ತದೆ. ಅದಕ್ಕೇ ಎರಿ ಹೊಲ ತನ್ನನ್ನು ತಾನೇ ಉಳುತ್ತದೆ ಅನ್ನುವುದು. ಹಿಂಗಾರಿ ಬಿಳಿಜೋಳ, ಕಡ್ಲಿ ಒಂದು ಮಳೆಯೂ ಇಲ್ಲದೆ ಆ ಮಣ್ಣಿನ ಹಸಿಯ ಮೇಲೆಯೇ ಬರುವುದು ಇದೇ ಜೇಡಿಯ ಪುಣ್ಯ. ಆದರೆ ಅದೇ ಜೇಡಿ ಒಮ್ಮೆ ತುಂಬ ನೆನೆದರೆ ನೀರನ್ನು ಕೆಳಗೆ ಬಿಡುವುದಿಲ್ಲ. ಈ ಗುಣ ಮರೆತದ್ದೇ ನಮ್ಮ ದೊಡ್ಡ ತಪ್ಪು.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಯಿತು. ಎಡದಂಡೆ ಕಾಲುವೆ ಮಾನ್ವಿ, ರಾಯಚೂರು ಸೀಮೆಗೆ ಬಂತು. ಬಹುಪಾಲು ನೆಲಕ್ಕೆ ಜೋಳ, ಹತ್ತಿಯಂಥ ಮಿತನೀರಿನ ಬೆಳೆ ಎಂದು ಲೆಕ್ಕ ಹಾಕಿದ ಕಾಲುವೆ ಅದು. ಮೇಲ್ಭಾಗದವರು ಹೊಲದ ತುಂಬ ನೀರು ನಿಲ್ಲಿಸಿ ನೆಲ್ಲು ಹಚ್ಚಿದರು. ಕೆಳಭಾಗದವರು ನೀರಿಗಾಗಿ ಕಣ್ಣು ಬಿಟ್ಟು ಕೂತರು. ಇಳಿಯಲಾರದ ನೀರು ನೆಲದೊಳಗೆ ಮೇಲಕ್ಕೇರಿತು. ಬೇಸಿಗೆಯಲ್ಲಿ, ದೀಪದ ಬತ್ತಿ ಎಣ್ಣಿ ಎಳಕೊಂಡಂಗ, ಮಣ್ಣು ಆ ನೀರನ್ನು ಮೇಲೆ ಎಳೆಯಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು. ಹೀಗೆ ಬಂಗಾರದಂಥ ಹೊಲಗಳು ಸವಳು-ಜವಳಾದವು. ಇವತ್ತು ದೇವದುರ್ಗ ಸೀಮೆಗೆ ನಾರಾಯಣಪುರ ಬಲದಂಡೆಯ ನೀರು ಬರುತ್ತಿದೆ. ಆ ಕಡೆಯ ಬೀಗರು, ಬಂಧುಗಳು ಈ ಸಭೆಯಲ್ಲಿದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ: ಮಾನ್ವಿಯವರು ಎಡವಿದ ಕಲ್ಲಿಗೆ ನೀವೂ ಎಡವಬೇಡಿರಿ.

ಸವಳಿನಲ್ಲಿಯೂ ಎರಡು ಬಗೆ. ಬರೀ ಉಪ್ಪಿನದಾದರೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ತೊಳೆದರೆ ಸುಧಾರಿಸುತ್ತದೆ. ಸೋಡಿಯಂ ಸೇರಿಕೊಂಡ ಕರ್ಲು ಮಣ್ಣಾದರೆ ಜೇಡಿ ಒಡೆದು ಅಂಟಿನಂತಾಗಿ ನೀರೇ ಇಳಿಯುವುದಿಲ್ಲ. ಇದಕ್ಕೆ ಸುಣ್ಣವಲ್ಲ, ಜಿಪ್ಸಂ ಬೇಕು. ಜಿಪ್ಸಂ ಸೋಡಿಯಂ ಅನ್ನು ಎಬ್ಬಿಸುತ್ತದೆ, ಬಸಿಗಾಲುವೆ ಅದನ್ನು ಹೊಲದ ಹೊರಗೆ ಕಳಿಸುತ್ತದೆ. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕುವುದು ಬಾಗಿಲು ಮುಚ್ಚಿ ಮನೆ ಗುಡಿಸಿದ ಹಾಗೆ. ಡಯಂಚಾದಂಥ ಹಸಿರೆಲೆ ಗೊಬ್ಬರವೂ ಜೊತೆಗೆ ಬೇಕು. ಗುರುತಿಸಲು ಒಂದು ಸುಲಭ ಉಪಾಯ ಇದೆ. ಒಣಗಿದ ಸಣ್ಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಬಿಟ್ಟು ಅಲುಗಿಸದೆ ಇಡಿರಿ. ಪುಡಿಯಾಗಿ ಬಿದ್ದರೂ ನೀರು ತಿಳಿಯಾಗಿದ್ದರೆ ಹೆದರಿಕೆ ಇಲ್ಲ. ಹೆಂಟೆಯ ಸುತ್ತ ಮೋಡದಂತೆ ಕದಡು ಹಬ್ಬಿದರೆ ಸೋಡಿಯಂ ಇದೆಯೆಂದು ಸಂಶಯಪಡಬೇಕು. ಎಷ್ಟು ಜಿಪ್ಸಂ ಎಂಬುದನ್ನು ಮಾತ್ರ ಪ್ರಯೋಗಾಲಯದವರೇ ಹೇಳಬೇಕು.

ಇನ್ನು ಗಾಯರಾಣದ ಮಾತು. ಊರಲ್ಲಿ ಒಂದು ಸುದ್ದಿ ಎದ್ದಿದೆ: "ಗಾಯರಾಣ ಸುಮ್ನ ಬಿದ್ದೈತಿ, ಹಸನು ಮಾಡಿ ಉತ್ತರೆ ಏನು ತಪ್ಪು?" ಈ ಮಾತಾಡುವವರು ಬೇರೆಯವರಲ್ಲ, ನಮ್ಮ ಹುಡುಗರೇ. ಅವರಿಗೆ ಹೊಲ ಸಾಲದು ಎಂಬ ಸಂಕಟ ನನಗೆ ತಿಳಿಯುತ್ತದೆ. ಕಾನೂನಿನ ಮಾತು ಇರಲಿ. ಕರ್ನಾಟಕದ ಭೂಕಂದಾಯ ನಿಯಮಗಳು 100 ದನಕ್ಕೆ 30 ಎಕರೆಯಂತೆ ಮೇವಿಗೆ ಬಿಡಬೇಕು ಅನ್ನುತ್ತವೆ. ನಾನು ಮಣ್ಣಿನ ಮಾತು ಹೇಳುತ್ತೇನೆ. ನಮ್ಮ ಗಾಯರಾಣ ಇರುವುದು ದಿಬ್ಬದ ಮೇಲೆ. ಒಂದು ಗೇಣು ಮಣ್ಣು, ಅದರ ಕೆಳಗೆ ಗರ್ಸು. ಅದನ್ನು ಉತ್ತರೆ ಎರಡು ಮುಂಗಾರಿಯಲ್ಲಿ ಆ ಗೇಣು ಮಣ್ಣು ಹಳ್ಳ ಸೇರುತ್ತದೆ, ಗರ್ಸು ಕೆಳಗಿನ ನಿಮ್ಮ ಎರಿ ಹೊಲಕ್ಕೇ ಬಂದು ಬೀಳುತ್ತದೆ. ಹಾಗೆಂದು ಈಗಿರುವ ಸ್ಥಿತಿಯೂ ಚೆನ್ನಾಗಿಲ್ಲ. ಹಸಿ ನೆಲದ ಮೇಲೆ ದನ-ಕುರಿ ತುಳಿದು ಮೇಲ್ಮೈ ಕಟೆದಂತೆ ಗಟ್ಟಿಯಾಗಿದೆ, ಮಳೆ ಇಂಗುವುದಿಲ್ಲ. ಹುಲ್ಲು ಬೇರು ಸಮೇತ ಹೋಗಿದೆ, ಬಳ್ಳಾರಿ ಜಾಲಿ ಹಬ್ಬಿದೆ. ಅದಕ್ಕೆ ದಾರಿ ಉಳುಮೆ ಅಲ್ಲ, ಸರದಿ. ಗಾಯರಾಣವನ್ನು ಮೂರು ಭಾಗ ಮಾಡಿ, ಮಳೆಗಾಲದಲ್ಲಿ ಒಂದು ಭಾಗಕ್ಕೆ ದನ ಬಿಡದೆ ಹುಲ್ಲು ಬೀಜ ಕಟ್ಟಲು ಬಿಡಬೇಕು. ಇಳಿಜಾರಿಗೆ ಅಡ್ಡ ಸಣ್ಣ ಕಂದಕ ತೋಡಬೇಕು. ಅಂಜನ ಹುಲ್ಲು, ಸ್ಟೈಲೋ ಬೀಜ ಚೆಲ್ಲಬೇಕು. ಕುರಿಗಾರ ಅಣ್ಣ-ತಮ್ಮಂದಿರನ್ನು ಕೂಡಿಸಿಕೊಂಡು, ಅವರ ಒಪ್ಪಿಗೆಯಿಂದಲೇ ಇದು ಆಗಬೇಕು. ಅವರನ್ನು ಬಿಟ್ಟು ಬೇಲಿ ಹಾಕಿದರೆ ಆ ಬೇಲಿ ಒಂದು ವಾರವೂ ನಿಲ್ಲದು.

ಕೊನೆಯದಾಗಿ ಆಡಳಿತ ಮಂಡಳಿಗೆ ನನ್ನದೊಂದು ವಿನಂತಿ. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆ ಆರಂಭಿಸಿತು. ಹುಳಿ-ಕ್ಷಾರ, ಉಪ್ಪು, ಸಾವಯವ ಇಂಗಾಲ, ಸಾರಜನಕ, ರಂಜಕ, ಸತುವು ಹೀಗೆ 12 ಅಂಶ ಅದರಲ್ಲಿರುತ್ತವೆ. ಆ ಚೀಟಿ ಎಷ್ಟು ಮನೆಯಲ್ಲಿ ಸಿಕ್ಕದಲ್ಲೇ ಕೂತಿದೆ ಎಂಬುದು ನಿಮಗೇ ಗೊತ್ತು. ಮುಂದಿನ ಮುಂಗಾರಿಯಿಂದ ಗೊಬ್ಬರ ಒಯ್ಯುವ ಸದಸ್ಯನಿಗೆ, "ಚೀಟಿ ತಂದೀಯೇನಪಾ?" ಎಂದು ನಮ್ಮ ಸಂಘ ಒಂದು ಮಾತು ಕೇಳಲಿ. ನಮ್ಮ ಸುಣ್ಣದ ಮಣ್ಣಿನಲ್ಲಿ ಡಿ.ಎ.ಪಿ.ಯ ರಂಜಕವನ್ನು ಸುಣ್ಣವೇ ಹಿಡಿದು ಕೂರುತ್ತದೆ. ಬೇಕೋ ಬೇಡವೋ ನೋಡದೆ ಚೀಲ ಸುರಿದರೆ ಬೆಳೆಯುವುದು ಸಾಲ ಮಾತ್ರ.

ಮಣ್ಣು ತೆಗೆಯುವ ರೀತಿ ಎಲ್ಲರಿಗೂ ಗೊತ್ತಿರಲಿ. ಹೊಲದಲ್ಲಿ ಅಂಕುಡೊಂಕಾಗಿ ಎಂಟು-ಹತ್ತು ಕಡೆ ಒಂದು ಗೇಣು ಆಳ ತೋಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣು ಕೆರೆಯಬೇಕು. ತಿಪ್ಪೆಯ ಹತ್ತಿರ, ಬದುವಿನ ಮೇಲೆ, ಗಿಡದ ನೆರಳಲ್ಲಿ ತೆಗೆಯಬಾರದು. ಎಲ್ಲ ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೇ ಮಾಡುತ್ತ ಅರ್ಧ ಕಿಲೋ ಉಳಿಸಬೇಕು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಹೆಸರು, ಸರ್ವೆ ನಂಬರ್ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಬೇಕು. ಎರಿ ಬೇರೆ, ಮಸಾರಿ ಬೇರೆ, ಸವಳು ಬೇರೆ, ಕಲಸಬಾರದು.

ಬಾಂಧವರೇ, ಒಬ್ಬರ ಔಷಧಿ ಇನ್ನೊಬ್ಬರು ಕುಡಿಯಬಾರದು. ನನ್ನ ಎರಡು ಬಂಡಿ ಸುಣ್ಣ ನಿಮಗೆಲ್ಲ ಪಾಠವಾದರೆ ಆ ಸಾಲ ತೀರಿಸಿದ್ದೂ ಸಾರ್ಥಕ. ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವ ದಿನ ನಾನು ಇರುತ್ತೇನೋ ಇಲ್ಲವೋ, ನಮ್ಮ ಎರಿ ಹೊಲ ಬಿಳುಪಾಗದೆ ಕರಿದಾಗಿಯೇ ಇರಲಿ, ದಿಬ್ಬದ ಮೇಲೆ ದನಕ್ಕೆ ಹುಲ್ಲಿರಲಿ ಎಂದು ಹಾರೈಸುತ್ತೇನೆ.