ವಿಧವೆಯ ಎಣ್ಣೆಯ ಕುಡಿಕೆ

(ಶತಮಾನೋತ್ಸವದ ಅಂಗವಾಗಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಏರ್ಪಡಿಸಿದ್ದ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ಸುಣ್ಣಬಣ್ಣವಾಗಿದೆ, ಗಂಟೆಗೋಪುರದ ದುರಸ್ತಿಯೂ ಮುಗಿದಿದೆ. ಉಳಿದಿರುವ ಹಣದಲ್ಲಿ ಧರ್ಮಕೇಂದ್ರದ ಬಡ ವಿಧವೆಯರಿಗೂ ಗಂಡನಿಂದ ಪರಿತ್ಯಕ್ತರಾದ ಹೆಣ್ಣುಮಕ್ಕಳಿಗೂ ಸೀರೆ ಮತ್ತು ಅಕ್ಕಿಯನ್ನು ಹಂಚಬೇಕೆಂದು ಉತ್ಸವ ಸಮಿತಿಯವರು ಸೂಚಿಸಿದ್ದಾರೆ. ಆ ಸೂಚನೆಯ ಹಿಂದಿರುವ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೂ ಅದೇ ಹಣವನ್ನು ಬೇರೊಂದು ರೀತಿಯಲ್ಲಿ ವಿನಿಯೋಗಿಸಬಹುದೇ ಎಂಬುದನ್ನು ತಮ್ಮೆದುರು ಬಿಚ್ಚಿ ಹೇಳಲು ಈ ಸಂಜೆಯನ್ನು ಬಳಸಿಕೊಳ್ಳುತ್ತೇನೆ. ಕೆಲವರಿಗೆ ಇದು ಹಿಡಿಸಲಾರದು ಎಂಬುದೂ ನನಗೆ ಗೊತ್ತು.

ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆಯ ವೃತ್ತಾಂತವಿದೆ. ಗಂಡ ಸಾಲ ಉಳಿಸಿ ಸತ್ತಿದ್ದಾನೆ. ಸಾಲಗಾರನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ನಿಂತಿದ್ದಾನೆ. ಪ್ರವಾದಿ ಎಲಿಷನ ಬಳಿಗೆ ಅವಳು ಓಡಿಬಂದಾಗ ಆತನು ಮೊದಲು ವಿಚಾರಿಸಿದ್ದು ಅವಳ ಮನೆಯಲ್ಲಿ ಏನಿದೆ ಎಂಬುದನ್ನು. ಇದ್ದುದು ಒಂದು ಕುಡಿಕೆ ಎಣ್ಣೆ ಮಾತ್ರ. ನೆರೆಹೊರೆಯವರಿಂದ ಬರಿದಾದ ಪಾತ್ರೆಗಳನ್ನು, ಸಾಧ್ಯವಾದಷ್ಟು ಹೆಚ್ಚಾಗಿಯೇ, ಎರವಲು ತರುವಂತೆ ಪ್ರವಾದಿ ಅವಳಿಗೆ ಆಜ್ಞಾಪಿಸಿದನು. ಬಾಗಿಲು ಮುಚ್ಚಿಕೊಂಡು ಅವಳು ಎರೆದಳು, ಮಕ್ಕಳು ಪಾತ್ರೆಗಳನ್ನು ಮುಂದಿಟ್ಟರು. ಕೊನೆಗೆ ಎಣ್ಣೆಯನ್ನು ಮಾರಿ ಸಾಲ ತೀರಿಸಿ ಉಳಿದುದರಲ್ಲಿ ಜೀವನ ಮಾಡೆಂದು ಆತನು ಅವಳನ್ನು ಕಳುಹಿಸಿದನು.

ಈ ವೃತ್ತಾಂತವನ್ನು ನಾವು ಪವಾಡವೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ಎರಡು ಸಂಗತಿಗಳನ್ನು ಗಮನಿಸಿರಿ. ಎಣ್ಣೆ ನಿಂತದ್ದು ದೇವರ ದಯೆ ಬತ್ತಿದಾಗಲ್ಲ, ನೆರೆಯವರ ಪಾತ್ರೆಗಳು ತೀರಿದಾಗ. ಮತ್ತು ಬಾಗಿಲು ಮುಚ್ಚಿತ್ತು. ಅವಳ ಬಡತನವನ್ನು ನೋಡಲು ಪ್ರವಾದಿಯೂ ಒಳಗೆ ಇರಲಿಲ್ಲ. ನಾವಾದರೋ ಒಂದು ಸೀರೆ ಕೊಡಬೇಕಾದರೆ ವೇದಿಕೆ ಹಾಕಿಸಿ, ಛಾಯಾಚಿತ್ರ ತೆಗೆಸಿ, ಪಡೆದವಳ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತೇವೆ.

ಆದಿ ಧರ್ಮಸಭೆಯಲ್ಲಿ ವಿಧವೆಯರ ಪಾಲನೆ ಹೊರಗಿನ ಕೆಲಸವಾಗಿರಲಿಲ್ಲ. ಗ್ರೀಕ್ ಭಾಷೆಯ ವಿಧವೆಯರು ದಿನನಿತ್ಯದ ಹಂಚಿಕೆಯಲ್ಲಿ ಅಲಕ್ಷ್ಯಕ್ಕೆ ಗುರಿಯಾದರೆಂಬ ದೂರಿನಿಂದಲೇ ಸ್ತೆಫಾನ ಮೊದಲಾದ ಏಳು ಮಂದಿಯನ್ನು ಆರಿಸಲಾಯಿತು. ಯೊಪ್ಪದ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರರಿಗೆ ತೋರಿಸಿದ್ದು ಅವಳು ಹೊಲಿದ ಅಂಗಿಗಳನ್ನು. ಮುಂದೆ ೧೪೬೨ರಲ್ಲಿ ಇಟಲಿಯ ಪೆರೂಜ ಪಟ್ಟಣದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬಡವರಿಗೆ ಅಡವಿನ ಮೇಲೆ ಸಾಲ ಕೊಡುವ ಧರ್ಮನಿಧಿಯನ್ನು ಆರಂಭಿಸಿದರು. ಲೇವಾದೇವಿಗಾರರ ಹಿಡಿತದಿಂದ ಬಡವರನ್ನು ಬಿಡಿಸುವುದೇ ಅದರ ಉದ್ದೇಶ. ಖರ್ಚಿಗಾಗಿ ಅಲ್ಪ ಹಣ ತೆಗೆದುಕೊಳ್ಳುವುದು ಪಾಪವೇ ಎಂಬ ವಾದ ಎದ್ದು, ೧೫೧೫ರಲ್ಲಿ ಹತ್ತನೆಯ ಲಿಯೋ ಜಗದ್ಗುರುಗಳು ಈ ನಿಧಿಗಳು ನ್ಯಾಯಸಮ್ಮತವೆಂದು ಘೋಷಿಸಿದರು. ಆದ್ದರಿಂದ ದೇವಾಲಯದ ಹಣವನ್ನು ಸಾಲವಾಗಿ ಕೊಡುವುದು ಕಂಡುಕೇಳರಿಯದ ಮಾತು ಎನ್ನುವವರು ಧರ್ಮಸಭೆಯ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಬೇಕು.

ನಮ್ಮ ದೇಶದಲ್ಲಿಯೇ ಒಂದು ಉಜ್ವಲ ಉದಾಹರಣೆಯಿದೆ. ೧೯೫೯ರ ಮಾರ್ಚ್ ೧೫ರಂದು ಮುಂಬಯಿಯ ಗಿರ್ಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು ತಾವಿದ್ದ ಕಟ್ಟಡದ ಮಹಡಿಯ ಮೇಲೆ ಕುಳಿತು ಹಪ್ಪಳ ಲಟ್ಟಿಸತೊಡಗಿದರು. ಮೂಲಧನ ೮೦ ರೂಪಾಯಿ, ಅದೂ ಸಾಲ. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಅದೇ ಇಂದಿನ ಲಿಜ್ಜತ್ ಹಪ್ಪಳದ ಸಂಸ್ಥೆ. ನಷ್ಟವಾದರೂ ದಾನವನ್ನು ಮಾತ್ರ ಸ್ವೀಕರಿಸಕೂಡದೆಂದು ಅವರು ಆರಂಭದಲ್ಲಿಯೇ ನಿಶ್ಚಯಿಸಿಕೊಂಡರು. ಬೆಳಿಗ್ಗೆ ನಾದಿದ ಹಿಟ್ಟನ್ನು ಪಡೆದುಕೊಂಡು ಮನೆಗೆ ಹೋಗಿ, ಮಕ್ಕಳ ಮೇಲೆ ಕಣ್ಣಿಟ್ಟು ಲಟ್ಟಿಸಿ, ಒಣಗಿದ ಹಪ್ಪಳವನ್ನು ಒಪ್ಪಿಸುವ ಕ್ರಮವನ್ನು ಬೆಳೆಸಿದರು. ದುಡಿಯುವ ಪ್ರತಿಯೊಬ್ಬಳೂ ಸಂಸ್ಥೆಯ ಒಡತಿ. ಅಹಮದಾಬಾದಿನಲ್ಲಿ ೧೯೭೨ರಲ್ಲಿ ಇಳಾ ಭಟ್ ಅವರು ಸ್ಥಾಪಿಸಿದ ಸೇವಾ ಸಂಘದ ಬಡ ಸದಸ್ಯೆಯರು ೧೯೭೪ರಲ್ಲಿ ತಲಾ ೧೦ ರೂಪಾಯಿ ಹಾಕಿ ತಮ್ಮದೇ ಬ್ಯಾಂಕನ್ನು ತೆರೆದರು. ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು ಎಂಬತ್ತರ ದಶಕದಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಉಳಿತಾಯ ಗುಂಪುಗಳ ಅನುಭವವು, ೧೯೯೨ರಲ್ಲಿ ನಬಾರ್ಡ್ ಬ್ಯಾಂಕು ೫೦೦ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಕೈಗೊಂಡ ಯೋಜನೆಗೆ ದಾರಿಯಾಯಿತು.

ಮೂಲಧನವಿಲ್ಲದವಳ ಪಾಡನ್ನು ಹೂವಿನವಳ ಲೆಕ್ಕದಲ್ಲಿ ನೋಡಿರಿ. ಬೆಳಿಗ್ಗೆ ೯೦೦ ರೂಪಾಯಿ ಕೊಟ್ಟು ಸಂಜೆ ೧೦೦೦ ವಸೂಲು ಮಾಡುವ ಮೀಟರ್ ಬಡ್ಡಿಯವರು ಪೇಟೆಯಲ್ಲಿ ಇದ್ದಾರೆ. ತಿಂಗಳಿಗೆ ೨೫ ದಿನ ಹೂ ಕೊಂಡು ಕಟ್ಟಿ ಮಾರುವವಳು ೯೦೦ ರೂಪಾಯಿಯ ಬಳಕೆಗಾಗಿ ೨೫೦೦ ತೆರುತ್ತಾಳೆ. ತಿಂಗಳ ಕೊನೆಯಲ್ಲಿಯೂ ಆ ೯೦೦ ಅವಳದಾಗಿರುವುದಿಲ್ಲ. ಅವಳಿಗೆ ನಾವು ಕೊಡುವ ಸೀರೆ ಆ ೨೫೦೦ಕ್ಕೆ ಸಮವಾದೀತೇ? ಒಮ್ಮೆ ೯೦೦ ರೂಪಾಯಿ ಬಡ್ಡಿಯಿಲ್ಲದೆ ಕೈಗೆ ಬಂದರೆ ಅವಳ ದುಡಿಮೆ ಅವಳ ಮನೆಗೆ ಸೇರುತ್ತದೆ. ಹೆಂಗಸರನ್ನು ಹಿಂಸಿಸಿ ಕಂತು ಕೀಳುವವರನ್ನು ತಡೆಯಲು ೨೦೨೫ರಲ್ಲಿ ನಮ್ಮ ರಾಜ್ಯ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು ಎಂಬುದನ್ನು ತಾವು ಪತ್ರಿಕೆಗಳಲ್ಲಿ ಓದಿದ್ದೀರಿ.

"ಸ್ವಾಮಿ, ಕೊಟ್ಟ ಹಣವನ್ನು ಅವರು ತಿಂದುಬಿಡುತ್ತಾರೆ" ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ಕೆಲವರು ತಿನ್ನಬಹುದು. ಮಗುವಿಗೆ ಜ್ವರ ಬಂದ ವಾರದಲ್ಲಿ ಬಂಡವಾಳವೆಂದು ಎತ್ತಿಟ್ಟ ಹಣವನ್ನು ಯಾವ ತಾಯಿ ಮುಟ್ಟದೆ ಇರುತ್ತಾಳೆ? ಹಾಗಾದಾಗ ಕಂತನ್ನು ಮುಂದೂಡುವ ಅವಕಾಶ ನಮ್ಮ ನಿಯಮದಲ್ಲಿಯೇ ಇರಬೇಕು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆ. ಹೊಲಿಗೆ ಯಂತ್ರ ಹಂಚಿದ ಎಷ್ಟೋ ಕಡೆ ಅದು ಎರಡು ವರ್ಷದೊಳಗೆ ಮೂಲೆ ಸೇರಿ, ಅದರ ಮೇಲೆ ನೀರಿನ ಕೊಡ ಕೂತಿರುವುದನ್ನು ನಾನು ಕಂಡಿದ್ದೇನೆ. ಹೆಂಗಸು ಸೋಮಾರಿಯಾಗಿರಲಿಲ್ಲ, ಹೊಲಿಯಲು ಬಟ್ಟೆ ತಂದುಕೊಡುವವರು ಇರಲಿಲ್ಲ. ಒಂದೇ ಬೀದಿಯಲ್ಲಿ ಹತ್ತು ಯಂತ್ರ ಕೊಟ್ಟರೆ ಹತ್ತು ಮಂದಿಯೂ ಹಸಿಯುತ್ತಾರೆ. ಆದುದರಿಂದ ಯಾರಿಗೆ ಯಾವ ಕೈಕೆಲಸ ಬರುತ್ತದೆ, ಕೊಳ್ಳುವವರು ಯಾರು ಎಂಬುದನ್ನು ಮನೆಗೆ ಹೋಗಿ ವಿಚಾರಿಸಿದ ಬಳಿಕವೇ ಹಣ ಕೊಡಬೇಕು. ಮನೆಗೆ ಹೋಗುವುದು ಈ ಸಭೆಗೆ ಹೊಸದಲ್ಲ. ೧೮೩೩ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಮ್ ಮತ್ತು ಆತನ ಗೆಳೆಯರಿಗೆ ಸಿಸ್ಟರ್ ರೊಸಾಲಿ ಕಲಿಸಿಕೊಟ್ಟದ್ದೇ ಬಡವರ ಮನೆಯ ಮೆಟ್ಟಲು ಹತ್ತುವುದನ್ನು.

ಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಸಭಾಂಗಣದಲ್ಲಿ ಕುಳಿತಿದೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ತಾವು ಹೇಗೂ ಅಂಗಡಿಯಿಂದ ತರುತ್ತೀರಿ. ಸೀರೆಗೆ ಫಾಲ್ ಹೊಲಿಸುತ್ತೀರಿ, ಮದುವೆ ಬಂದರೆ ಕುಚ್ಚು ಕಟ್ಟಿಸುತ್ತೀರಿ. ಕ್ರಿಸ್ಮಸ್ಸಿಗೆ ಕಜ್ಜಾಯ, ಚಕ್ಕುಲಿ, ಕಲ್ಕಲ್ ಮಾಡಲು ಪುರುಸೊತ್ತಿಲ್ಲದ ಮನೆಗಳು ವರ್ಷ ವರ್ಷಕ್ಕೂ ಹೆಚ್ಚುತ್ತಿವೆ. ಇವುಗಳನ್ನು ನಮ್ಮ ಹೆಣ್ಣುಮಕ್ಕಳಿಂದಲೇ ಕೊಳ್ಳಿರಿ. ಆದರೆ ಕನಿಕರದಿಂದ ಕೊಳ್ಳಬೇಡಿರಿ. ಹಪ್ಪಳ ಕೆಟ್ಟಿದ್ದರೆ ಕೆಟ್ಟಿದೆಯೆಂದು ಹೇಳಿ ಹಿಂದಿರುಗಿಸಿರಿ. ಚೆನ್ನಾಗಿದ್ದರೆ ಚೌಕಾಸಿ ಮಾಡದೆ ಕೂಡಲೇ ಹಣ ಕೊಡಿರಿ. ದೊಡ್ಡ ಅಂಗಡಿಯಲ್ಲಿ ತುಟಿ ಬಿಚ್ಚದೆ ತೆತ್ತು ಬಂದು, ದೇವಾಲಯದ ಬಾಗಿಲಲ್ಲಿ ಐದು ರೂಪಾಯಿಗಾಗಿ ವಾದಿಸುವವರನ್ನು ನಾನು ಬಲ್ಲೆ; ಹೆಸರು ಹೇಳುವುದಿಲ್ಲ. ತಿಂಡಿತೀರ್ಥ ಮಾರುವವರು ಎಷ್ಟೇ ಚಿಕ್ಕವರಾದರೂ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕಾಗಿದೆ. ಅರ್ಜಿ ತುಂಬುವ ಆ ಕೆಲಸವನ್ನು ನಮ್ಮ ಯುವಜನ ಸಂಘದ ಕಾಲೇಜು ವಿದ್ಯಾರ್ಥಿಗಳು ವಹಿಸಿಕೊಳ್ಳಲಿ.

ವೃದ್ಧರಿಗೂ ಹಾಸಿಗೆ ಹಿಡಿದವರಿಗೂ ಅಕ್ಕಿ ಹಂಚುವುದು ಮೊದಲಿನಂತೆಯೇ ನಡೆಯತಕ್ಕದ್ದು. ದುಡಿಯಲಾರದವರಿಗೆ ಬಂಡವಾಳದ ಉಪದೇಶ ಮಾಡುವುದು ಕ್ರೌರ್ಯ. ಉಳಿದ ಹಣದಿಂದ ನಿಧಿಯೊಂದನ್ನು ತೆರೆಯಲು ಅಪ್ಪಣೆ ಕೊಡಿರೆಂದು ಬೇಡುತ್ತೇನೆ. ಬಡ್ಡಿಯಿಲ್ಲ, ಅಡವಿಲ್ಲ. ನೆರೆಯ ಇಬ್ಬರು ಹೆಂಗಸರ ಮಾತೇ ಜಾಮೀನು. ವಾರದ ಕಂತು ಮರಳಿ ಬಂದಂತೆ ಇನ್ನೊಬ್ಬಳಿಗೆ ಹೋಗಬೇಕು. ಹಣವನ್ನು ಅವಳ ಕೈಗೇ ಕೊಡಬೇಕು, ಗಂಡನ ಕೈಗಲ್ಲ. ಕಾರಣವನ್ನು ಸಂಬಳದ ದಿನದ ಸಂಜೆ ನಮ್ಮ ಬೀದಿಗಳಲ್ಲಿ ಓಡಾಡಿದವರಿಗೆ ವಿವರಿಸಬೇಕಾಗಿಲ್ಲ. ಪಡೆದವರ ಹೆಸರನ್ನು ಪೀಠದಿಂದ ಓದಕೂಡದು, ಗೋಡೆಗೆ ಅಂಟಿಸಕೂಡದು. ಲೆಕ್ಕದ ಪುಸ್ತಕ ನನ್ನ ಬಳಿ ಇರುವುದಿಲ್ಲ; ಗುರುವಿನ ಮುಂದೆ ಹೆಂಗಸರು ಕಷ್ಟವನ್ನು ಅರ್ಧಕ್ಕೇ ಹೇಳುತ್ತಾರೆ. ಸ್ತ್ರೀಯರ ಸಂಘದಿಂದ ಆರಿಸಿದ ಮೂವರು ಅದನ್ನು ಇಟ್ಟುಕೊಂಡು, ಬುಧವಾರ ಸಂಜೆ ಜಪಸರ ಮುಗಿದ ಮೇಲೆ ಪೂಜಾವಸ್ತ್ರಗಳ ಕೋಣೆಯ ಪಕ್ಕದ ಸಣ್ಣ ಕೊಠಡಿಯಲ್ಲಿ ಕುಳಿತಿರಲಿ. ಆ ಕೊಠಡಿಗೆ ಹಿಂಬದಿಯಿಂದಲೂ ಒಂದು ಬಾಗಿಲಿದೆ.