ಹಗ್ಗಕ್ಕೆ ಒರಗಿ ಗೆದ್ದ ಅಲಿ

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಏಟು ಕೊಡುವುದಷ್ಟೇ ವಿದ್ಯೆಯೆಂದು ನಾವು ಭಾವಿಸುತ್ತೇವೆ. 1974ರ ಅಕ್ಟೋಬರ್ 30ರಂದು ಅಂದಿನ ಝೈರ್‌ನ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಗೆದ್ದದ್ದು ಏಟು ತಿನ್ನುವ ವಿದ್ಯೆಯಿಂದ. ಎದುರಾಳಿ ಜಾರ್ಜ್ ಫೋರ್‌ಮನ್‌ಗೆ 25 ವರ್ಷ. ಆಡಿದ 40 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಅಲಿಯವರಿಗೆ 32. 1967ರಲ್ಲಿ ಸೇನೆ ಸೇರಲು ನಿರಾಕರಿಸಿ, ಪದವಿ ಕಳೆದುಕೊಂಡು, ಮೂರೂವರೆ ವರ್ಷ ಕಣದಿಂದ ಹೊರಗುಳಿದಿದ್ದರು. ಹಿಂದಿನ ಕಾಲ್ಚಳಕ ಉಳಿದಿರಲಿಲ್ಲ.

ಎರಡನೆಯ ಸುತ್ತಿನಲ್ಲೇ ಅವರು ರಿಂಗಿನ ಹಗ್ಗಕ್ಕೆ ಬೆನ್ನೊರಗಿಸಿದರು. ಮೊಣಕೈಗಳಿಂದ ಪಕ್ಕೆಯನ್ನೂ ಗ್ಲೌಸ್‌ಗಳಿಂದ ಮುಖವನ್ನೂ ಮುಚ್ಚಿಕೊಂಡರು. ಏಟಿನ ರಭಸವನ್ನು ಒಂದಷ್ಟು ಸಡಿಲ ಹಗ್ಗವೇ ನುಂಗಿತು. ಅಪ್ಪಿಕೊಂಡಾಗಲೆಲ್ಲ ಫೋರ್‌ಮನ್‌ರ ಕುತ್ತಿಗೆಯ ಮೇಲೆ ಭಾರ ಹಾಕಿ ದಣಿಸಿದರು. ಹಗ್ಗ ಬಿಟ್ಟು ಬರುವಂತೆ ತರಬೇತುದಾರ ಏಂಜೆಲೊ ಡಂಡಿ ಕೂಗುತ್ತಲೇ ಇದ್ದರು, ಅಲಿ ಕೇಳಲಿಲ್ಲ. ನಮ್ಮ ದೃಷ್ಟಿಯಲ್ಲಿ, ಎದುರಾಳಿಯ ಮುಷ್ಟಿಗಿಂತ ಹಿತೈಷಿಗಳ ಭಯವನ್ನು ತಾಳಿಕೊಳ್ಳುವುದೇ ಕಠಿಣ. ಎಂಟನೆಯ ಸುತ್ತಿನಲ್ಲಿ ಬಸವಳಿದ ಫೋರ್‌ಮನ್ ನೆಲಕ್ಕುರುಳಿದರು.

ಅಭಿಮಾನದ ಭರದಲ್ಲಿ ನಾವು ಇನ್ನೊಂದನ್ನು ಮರೆಮಾಚಬಾರದು. 1984ರಲ್ಲಿ ಅಲಿಯವರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು. ತಲೆಗೆ ಬಿದ್ದ ಏಟುಗಳೇ ಕಾರಣವೇ ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿರಲಿಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿಸುವಾಗ ಆ ಕೈಗಳು ನಡುಗುತ್ತಿದ್ದುದನ್ನು ಜಗತ್ತೇ ಕಂಡಿತು.